ವಿಮಾನ ಬೀಳಿಸಿದ ಪೈಲಟ್‌ಗೆ ಮತ್ತೆ ಕಾಕ್‌ಪಿಟ್ ಕೊಡಬಹುದೇ?

ಯುದ್ಧವಿಮಾನ ಬಿದ್ದ ಸುದ್ದಿ ಬಂದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: "ತಪ್ಪು ಪೈಲಟ್‌ನದೇ ಅಂತ ಗೊತ್ತಾದ ಮೇಲೂ ಅವರನ್ನು ಮತ್ತೆ ಹಾರೋಕೆ ಬಿಡ್ತಾರಾ? ಕೋಟಿಗಟ್ಟಲೆ ದುಡ್ಡು ಮಣ್ಣುಪಾಲಾಯ್ತಲ್ಲ, ಶಿಕ್ಷೆ ಇಲ್ವಾ?"

ಬಿಡಬಹುದು, ಎಷ್ಟೋ ಸಲ ಬಿಡಲೇಬೇಕು ಎನ್ನುವುದು ನನ್ನ ಉತ್ತರ. ಆದರೆ ಎರಡು ಷರತ್ತುಗಳಿವೆ. ಪೈಲಟ್ ನಡೆದದ್ದನ್ನು ನಡೆದ ಹಾಗೇ ಹೇಳಿರಬೇಕು. ಕೊಟ್ಟ ಅವಕಾಶ, ಅದರ ಮಿತಿ ಎರಡೂ ಕಾಗದದ ಮೇಲೆ ಇರಬೇಕು. ಹಾಳಾದ ವಿಮಾನದ ಬೆಲೆ ಈ ಲೆಕ್ಕದಲ್ಲಿ ಬರಬಾರದು. ಅಮೆರಿಕದ ಉದಾಹರಣೆಗಳನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿನ ತನಿಖಾ ವರದಿಗಳು ಸಾರ್ವಜನಿಕರ ಕೈಗೆ ಸಿಗುತ್ತವೆ.

2003ರ ಸೆಪ್ಟೆಂಬರ್ 14ರಂದು ಐಡಹೋ ರಾಜ್ಯದ ಮೌಂಟನ್ ಹೋಮ್ ವಾಯುನೆಲೆಯಲ್ಲಿ ಅಮೆರಿಕದ ವಾಯುಪಡೆಯ ವೈಮಾನಿಕ ಕಸರತ್ತಿನ ತಂಡ ಥಂಡರ್‌ಬರ್ಡ್ಸ್‌ನ ಪ್ರದರ್ಶನವಿತ್ತು. ಕ್ಯಾಪ್ಟನ್ ಕ್ರಿಸ್ ಸ್ಟ್ರಿಕ್ಲಿನ್ ಎಫ್-16ರಲ್ಲಿ ಟೇಕಾಫ್ ಆಗಿ ಮೇಲೇರಿ, ವಿಮಾನವನ್ನು ತಲೆಕೆಳಗು ಮಾಡಿ, ಅರ್ಧ ವೃತ್ತ ಎಳೆದು ಕೆಳಗಿಳಿಯುವ ಸ್ಪ್ಲಿಟ್-ಎಸ್ ಕಸರತ್ತು ಶುರುಮಾಡಿದರು. ಅದಕ್ಕೆ ನೆಲದಿಂದ 2,500 ಅಡಿ ಎತ್ತರ ಬೇಕು. ಅವರು ಏರಿದ್ದು ಸುಮಾರು 1,670 ಅಡಿ. ಆಲ್ಟಿಮೀಟರ್ ತೋರಿಸುವುದು ಸಮುದ್ರಮಟ್ಟದಿಂದ ಎತ್ತರವನ್ನು. ಹಾಗಾಗಿ ಆಯಾ ನೆಲೆಯ ಎತ್ತರವನ್ನು ಪೈಲಟ್ ತಲೆಯಲ್ಲೇ ಕೂಡಿಸಿಕೊಳ್ಳಬೇಕು. ತಂಡ ದಿನನಿತ್ಯ ಅಭ್ಯಾಸ ಮಾಡುವ ನೆವಾಡಾದ ನೆಲ್ಲಿಸ್ ವಾಯುನೆಲೆಗಿಂತ ಮೌಂಟನ್ ಹೋಮ್ ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿದೆ. ಕೂಡಿಸುವ ಲೆಕ್ಕ ತಪ್ಪಿತು. ನೆಲ ತೀರಾ ಹತ್ತಿರವಿದ್ದಾಗ, ವಿಮಾನ ಅಪ್ಪಳಿಸಲು ಒಂದು ಸೆಕೆಂಡೂ ಉಳಿದಿಲ್ಲದಾಗ ಅವರು ಇಜೆಕ್ಟ್ ಆದರು, ಅಂದರೆ ಸೀಟಿನ ಸಮೇತ ಹೊರಕ್ಕೆ ಚಿಮ್ಮಿದರು. ಜನರಿಗೆ ಏನೂ ಆಗಲಿಲ್ಲ.

ಇಲ್ಲಿ ಕೇಳಬೇಕಾದ್ದು ಒಂದೇ: ಅದೇ ತರಬೇತಿ ಪಡೆದ, ಅಷ್ಟೇ ಸಮರ್ಥನಾದ ಇನ್ನೊಬ್ಬ ಪೈಲಟ್ ಆ ಸೀಟಿನಲ್ಲಿದ್ದಿದ್ದರೆ ಇದೇ ತಪ್ಪು ಮಾಡುವ ಸಾಧ್ಯತೆ ಇತ್ತೇ? ಇತ್ತು. ಆದ್ದರಿಂದ ನಿಯಮವೇ ಬದಲಾಯಿತು. ಸ್ಪ್ಲಿಟ್-ಎಸ್‌ಗೆ ಮೊದಲು ಇನ್ನೂ 1,000 ಅಡಿ ಏರಬೇಕು, ರೇಡಿಯೋದಲ್ಲಿ ಸಮುದ್ರಮಟ್ಟದ ಎತ್ತರವನ್ನೇ ಹೇಳಬೇಕು ಎಂದಾಯಿತು. ಸ್ಟ್ರಿಕ್ಲಿನ್ ಪ್ರದರ್ಶನ ತಂಡ ಬಿಡಬೇಕಾಯಿತು, ಆದರೆ ವಾಯುಪಡೆಯಲ್ಲಿ ಉಳಿದು ಕರ್ನಲ್ ಹುದ್ದೆಗೇರಿದರು. ನನಗಿದು ಸರಿಯಾದ ಅಳತೆ ಅನ್ನಿಸುತ್ತದೆ.

ಸತ್ಯ ಹೇಳಿಸಲು ಅಲ್ಲಿ ಒಂದು ವ್ಯವಸ್ಥೆಯೂ ಇದೆ. ದೊಡ್ಡ ಅಪಘಾತವಾದರೆ ಎರಡು ಪ್ರತ್ಯೇಕ ತನಿಖೆಗಳು ನಡೆಯುತ್ತವೆ. ಮೊದಲನೆಯದು ಸುರಕ್ಷತಾ ತನಿಖೆ. ಅಲ್ಲಿ ಗೋಪ್ಯತೆಯ ಭರವಸೆ ಪಡೆದು ಹೇಳಿದ್ದನ್ನು ಶಿಸ್ತುಕ್ರಮಕ್ಕೆ ಬಳಸುವಂತಿಲ್ಲ. ಎರಡನೆಯದು ಕಾನೂನಿನ ಉದ್ದೇಶದ ತನಿಖೆ. ಅದು ತನ್ನ ಸಾಕ್ಷ್ಯವನ್ನು ತಾನೇ ಹೊಸದಾಗಿ ಕಲೆಹಾಕಬೇಕು, ವರದಿಯನ್ನು ಪ್ರಕಟಿಸಬೇಕು. ಒಂದೇ ತನಿಖೆಯಲ್ಲಿ ಎರಡನ್ನೂ ಮಾಡಹೊರಟರೆ ಪೈಲಟ್ ವಕೀಲರ ಸಲಹೆ ಕೇಳಿ ಬಾಯಿ ಮುಚ್ಚಿಕೊಳ್ಳುತ್ತಾನೆ, ಮುಂದಿನ ಪೈಲಟ್ ಅದೇ ಗುಂಡಿಗೆ ಬೀಳುತ್ತಾನೆ. ನಮ್ಮ ವಾಯುಪಡೆಯಲ್ಲಿ ಕೋರ್ಟ್ ಆಫ್ ಎನ್‌ಕ್ವೈರಿ ಎಂಬ ಆಂತರಿಕ ವಿಚಾರಣೆ ನಡೆಯುತ್ತದೆ. ಯಾರ ಹೆಸರಿಗೆ ಕಳಂಕ ಬರಬಹುದೋ ಅವರು ವಿಚಾರಣೆಯುದ್ದಕ್ಕೂ ಹಾಜರಿದ್ದು ಸಾಕ್ಷಿಗಳನ್ನು ಪ್ರಶ್ನಿಸುವ ಹಕ್ಕು ಅಲ್ಲಿದೆ.

ಮುಚ್ಚಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಇಟಲಿಯ ಕವಲೇಸೆ ಸಾಕ್ಷಿ. 1998ರ ಫೆಬ್ರುವರಿ 3ರಂದು ಅಮೆರಿಕದ ಮರೀನ್ ಪಡೆಯ ಪ್ರೌಲರ್ ವಿಮಾನವೊಂದು ಅನುಮತಿಗಿಂತ ಎಷ್ಟೋ ಕೆಳಗೆ ಕಣಿವೆಯಲ್ಲಿ ಹಾರುತ್ತ ಸ್ಕೀ ತಾಣದ ಕೇಬಲ್ ಕಾರ್‌ನ ತಂತಿಯನ್ನು ಕಡಿಯಿತು. ಕಾರಿನಲ್ಲಿದ್ದ 20 ಜನರೂ ಸತ್ತರು. ಆ ಕೇಬಲ್ ಸೈನಿಕ ನಕ್ಷೆಯಲ್ಲಿ ಇರಲಿಲ್ಲ. ನರಹತ್ಯೆಯ ಆರೋಪದಿಂದ ಪೈಲಟ್ ಖುಲಾಸೆಯಾದ. ಇಟಲಿಯ ಜನ ಕೆರಳಿದರು, ಆ ಸಿಟ್ಟು ನ್ಯಾಯವಾದದ್ದೇ. ಆದರೆ ಹಾರಾಟದ ವೇಳೆ ಕಾಕ್‌ಪಿಟ್‌ನಲ್ಲಿದ್ದ ವಿಡಿಯೋ ಟೇಪನ್ನು ಆಮೇಲೆ ನಾಶಮಾಡಿದ್ದಕ್ಕೆ ಪೈಲಟ್ ಮತ್ತು ನ್ಯಾವಿಗೇಟರ್ ಇಬ್ಬರೂ ಸೇವೆಯಿಂದ ವಜಾ ಆದರು, ಪೈಲಟ್ ಜೈಲಿಗೂ ಹೋದ. ಟೇಪ್ ನಾಶಮಾಡಿದವನಿಗೆ ಮತ್ತೆ ಕಾಕ್‌ಪಿಟ್ ಕೊಡುವ ಮಾತೇ ಇಲ್ಲ. ನಾಳೆ ಎಂಜಿನ್‌ನಲ್ಲಿ ಏನೋ ಸದ್ದು ಬಂತು ಎಂದು ಅವನು ಹೇಳಿದರೆ, ಹೇಳದೇ ಹೋದರೆ, ಯಾವುದನ್ನು ನಂಬುವುದು?

ಇನ್ನು ಬಾಯಿಮಾತಿನ ಕ್ಷಮೆಯ ವಿಷಯ. ನನಗೆ ಅತಿ ಹೆಚ್ಚು ನೋವಾಗುವುದು ಇಲ್ಲಿಯೇ. ವಾಷಿಂಗ್ಟನ್ ರಾಜ್ಯದ ಫೇರ್‌ಚೈಲ್ಡ್ ವಾಯುನೆಲೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಬಡ್ ಹಾಲೆಂಡ್ ಬಿ-52 ಹಾರಿಸುತ್ತಿದ್ದರು. ಇಡೀ ವಿಂಗ್‌ನ (ಹಲವು ಸ್ಕ್ವಾಡ್ರನ್‌ಗಳ ದೊಡ್ಡ ಘಟಕ) ಪೈಲಟ್‌ಗಳ ಪರೀಕ್ಷೆ ಮತ್ತು ಮೌಲ್ಯಮಾಪನದ ಮುಖ್ಯಸ್ಥ ಅವರೇ. 1991ರಿಂದ ವೈಮಾನಿಕ ಪ್ರದರ್ಶನಗಳಲ್ಲಿ ಆ ಭಾರೀ ಬಾಂಬರನ್ನು ಮಿತಿಮೀರಿ ವಾಲಿಸುವುದು, ನೆಲಕ್ಕೆ ತೀರಾ ಹತ್ತಿರ ಹಾರಿಸುವುದು ನಡೆದೇ ಇತ್ತು. 1994ರ ಮಾರ್ಚ್‌ನಲ್ಲಿ ಯಾಕಿಮಾ ಬಾಂಬಿಂಗ್ ರೇಂಜ್‌ನಲ್ಲಿ ಗುಡ್ಡದ ನೆತ್ತಿಯನ್ನು ಕೆಲವೇ ಅಡಿಗಳ ಅಂತರದಲ್ಲಿ ದಾಟಿದರು. ಪ್ರತಿ ಸಲವೂ ಹೆಚ್ಚೆಂದರೆ ಬಾಯಿಮಾತಿನ ಎಚ್ಚರಿಕೆ. ಕಮಾಂಡರ್‌ಗಳು ಬದಲಾಗುತ್ತಲೇ ಇದ್ದರು, ಹಳಬರು ಹೇಳಿದ್ದು ಹೊಸಬರ ಕಡತದಲ್ಲಿ ಇರಲಿಲ್ಲ. ಹಾಗಾಗಿ ಪ್ರತಿ ತಪ್ಪೂ ಮೊದಲ ತಪ್ಪೇ ಆಯಿತು. ಸ್ಕ್ವಾಡ್ರನ್ ಕಮಾಂಡರ್ ಮಾರ್ಕ್ ಮೆಕ್‌ಗೀಹನ್ ಇವರನ್ನು ಹಾರಾಟದಿಂದ ಕೆಳಗಿಳಿಸಿ ಎಂದು ಕೇಳಿದರು. ಮೇಲಧಿಕಾರಿ ಒಪ್ಪಲಿಲ್ಲ. ಆಗ ಮೆಕ್‌ಗೀಹನ್, ನಾನು ವಿಮಾನದಲ್ಲಿ ಇಲ್ಲದೆ ನನ್ನ ಹುಡುಗರು ಯಾರೂ ಹಾಲೆಂಡ್ ಜೊತೆ ಹಾರುವಂತಿಲ್ಲ ಎಂದು ನಿರ್ಧರಿಸಿದರು. 1994ರ ಜೂನ್ 24ರಂದು ಪ್ರದರ್ಶನದ ಅಭ್ಯಾಸದಲ್ಲಿ, ಕಂಟ್ರೋಲ್ ಟವರ್ ಸುತ್ತ ಸುಮಾರು 250 ಅಡಿ ಎತ್ತರದಲ್ಲಿ ಕಡಿದಾಗಿ ತಿರುಗುತ್ತಿದ್ದಾಗ ರೆಕ್ಕೆ ನೆಟ್ಟಗೆ ನಿಂತು ವಿಮಾನ ಬಿತ್ತು. ನಾಲ್ವರೂ ಸತ್ತರು, ಮೆಕ್‌ಗೀಹನ್ ಕೂಡ. ಕೆಳಗಿಳಿಸಲು ಒಪ್ಪದ ಮೇಲಧಿಕಾರಿ ಕೋರ್ಟ್ ಮಾರ್ಷಲ್‌ನಲ್ಲಿ ಕರ್ತವ್ಯಲೋಪವನ್ನು ಒಪ್ಪಿಕೊಂಡರು. ಸಿಕ್ಕಿದ್ದು ದಂಡ ಮತ್ತು ಛೀಮಾರಿ. ನಾಲ್ಕು ಜೀವಕ್ಕೆ ಇದು ತೀರಾ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಅದೇ ವರ್ಷದ ಏಪ್ರಿಲ್‌ನಲ್ಲಿ ಉತ್ತರ ಇರಾಕ್ ಮೇಲೆ ಎರಡು ಎಫ್-15ಗಳು ತಮ್ಮದೇ ದೇಶದ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳನ್ನು ಶತ್ರುವಿನದೆಂದು ತಿಳಿದು ಹೊಡೆದುರುಳಿಸಿ 26 ಜನ ಸತ್ತಿದ್ದರು. ಈ ಘಟನೆಗೆ ಸಂಬಂಧಿಸಿದ ಅಧಿಕಾರಿಗಳ ವಾರ್ಷಿಕ ಮೌಲ್ಯಮಾಪನ ವರದಿಗಳಲ್ಲಿ ಆ ತಪ್ಪಿನ ಸುಳಿವೇ ಇಲ್ಲ ಎನ್ನುವುದು 1995ರಲ್ಲಿ ವಾಯುಪಡೆ ಮುಖ್ಯಸ್ಥ ರೊನಾಲ್ಡ್ ಫೋಗಲ್‌ಮನ್ ಗಮನಕ್ಕೆ ಬಂತು. ಅವರು ಕಡತಗಳಿಗೆ ಹೊಸ ಪತ್ರ ಸೇರಿಸಿದರು, ಇಬ್ಬರು ಎಫ್-15 ಪೈಲಟ್‌ಗಳೂ ಸೇರಿ ಐವರನ್ನು ಮೂರು ವರ್ಷ ಹಾರಾಟದ ಕರ್ತವ್ಯದಿಂದ ದೂರವಿಟ್ಟರು.

ಹಾಗಾದರೆ ಮರಳಿ ಹಾರುವ ದಾರಿ ಹೇಗಿರಬೇಕು? ಮೊದಲು ಬೆನ್ನುಮೂಳೆ. ಇಜೆಕ್ಷನ್ ಸೀಟು ಸಿಡಿಯುವ ರಭಸಕ್ಕೆ ಎದೆ ಮತ್ತು ಸೊಂಟ ಸೇರುವ ಜಾಗದ ಕಶೇರುಗಳು ಒತ್ತಿ ಮುರಿಯುವುದುಂಟು, ಮೇಲುನೋಟಕ್ಕೆ ಗೊತ್ತಾಗದೆಯೂ ಇರಬಹುದು. ಅದಕ್ಕೆ ಎಂಆರ್‌ಐ ಬೇಕು. ನಮ್ಮ ಪೈಲಟ್‌ಗಳ ಇಂಥ ಪರೀಕ್ಷೆಗೆ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ನಿದ್ದೆ, ಭಯ, ಮನಸ್ಸಿನ ಸ್ಥಿತಿಯನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು. ಆಮೇಲೆ ತಪ್ಪಾದ ಅದೇ ಸನ್ನಿವೇಶವನ್ನು ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಮಾಡಿಸಬೇಕು, ನಂತರ ಎರಡು ಸೀಟಿನ ವಿಮಾನದಲ್ಲಿ ಬೋಧಕರ ಜೊತೆ ಹಾರಿಸಬೇಕು, ಕೊನೆಗೆ ಒಬ್ಬಂಟಿ ಹಾರಾಟ. ಕನಿಷ್ಠ ಎತ್ತರ ಎಷ್ಟು, ಯಾವ ಕಸರತ್ತು ಬೇಡ, ಯಾವ ತಿಂಗಳು ಮರುಪರಿಶೀಲನೆ ಎನ್ನುವುದು ಬರಹದಲ್ಲಿರಬೇಕು. ಪೈಲಟ್ ಬೇರೆ ಸ್ಕ್ವಾಡ್ರನ್‌ಗೆ ವರ್ಗವಾದರೆ ಆ ಹಾಳೆಯೂ ಜೊತೆಗೆ ಹೋಗಬೇಕು, ಹೊಸ ಕಮಾಂಡರ್ ಅದನ್ನು ಓದಿ ಸಹಿ ಹಾಕುವವರೆಗೆ ಹಾರಾಟ ಇಲ್ಲ.