ಬಿಲ್ಲಿಂಗ್‌ನ ಹವೆಯನ್ನು ಬೀರ್‌ನಲ್ಲಿ ನಿಂತು ನೋಡಬೇಕು

ನಾನು ಹಿಮಾಚಲದ ಕಾಂಗ್ಡಾ ಜಿಲ್ಲೆಯ ಬೀರ್‌ನಲ್ಲಿ ಟ್ಯಾಂಡಮ್ ಪೈಲಟ್. ಪ್ರವಾಸಿಗರನ್ನು ಮುಂದೆ ಕೂರಿಸಿಕೊಂಡು ಪ್ಯಾರಾಗ್ಲೈಡರ್ ಹಾರಿಸುವ ಕೆಲಸ. ಊರು ಹಾಸನದ ಕಡೆ. ಸೀಸನ್‌ನಲ್ಲಿ ನಮ್ಮ ಕಡೆಯವರು ಬಹಳ ಬರುತ್ತಾರೆ. ಬಂದವರ ಮೊದಲ ಪ್ರಶ್ನೆ ಒಂದೇ: "ಇವತ್ತೇ ಆಗುತ್ತಲ್ವಾ? ರಾತ್ರಿ ಬಸ್ಸಿದೆ."

ಇಳಿಯುವುದು ಬೀರ್‌ನಲ್ಲಿ, ಹಾರುವುದು ಬಿಲ್ಲಿಂಗ್‌ನಿಂದ. ಅದು ಸುಮಾರು 2,400 ಮೀಟರ್ ಎತ್ತರದಲ್ಲಿದೆ, ಬೀರ್ ಅದಕ್ಕಿಂತ ಸುಮಾರು ಸಾವಿರ ಮೀಟರ್ ಕೆಳಗೆ. ನಡುವೆ 14 ಕಿ.ಮೀ. ತಿರುವಿನ ರಸ್ತೆ. ಕಿರಿದಾದ ಕಡೆ ಎದುರಿಗೆ ಗಾಡಿ ಬಂದರೆ ಯಾರಾದರೊಬ್ಬರು ರಿವರ್ಸ್ ಹೋಗಲೇಬೇಕು. ದುಡ್ಡು ಕಟ್ಟಿ, ಜೀಪಿನಲ್ಲಿ ಮುಕ್ಕಾಲು ಗಂಟೆ ಕುಲುಕಾಡಿ, ಹೊಟ್ಟೆ ತೊಳಸಿಕೊಂಡು ಮೇಲೆ ಬಂದವರಿಗೆ "ಇವತ್ತು ಬೇಡ" ಅನ್ನುವುದು ಎಷ್ಟು ಕಷ್ಟ ಅಂತ ಆ ಜಾಗದಲ್ಲಿ ನಿಂತವರಿಗೇ ಗೊತ್ತು.

ಒಂದು ಮೇ ತಿಂಗಳಲ್ಲಿ ನನಗೆ ಆ ಮಾತು ಬಾಯಿಗೆ ಬರಲಿಲ್ಲ. ರಸ್ತೆಯಲ್ಲಿ ಗಾಡಿಗಳು ಸಿಕ್ಕಿಕೊಂಡು, ಹನ್ನೊಂದಕ್ಕೆ ಮೇಲಿರಬೇಕಾದವರು ತಲುಪುವಾಗ ಒಂದೂವರೆ. ಜೊತೆಗಿದ್ದವಳು ದಾವಣಗೆರೆಯ ಎಂಜಿನಿಯರಿಂಗ್ ಹುಡುಗಿ. ಅವಳ ಅಪ್ಪ ಕೆಳಗೆ ಮೈದಾನದಲ್ಲಿ ಕಾಯುತ್ತಿದ್ದರು. ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಗಾಳಿಚೀಲ ನೋಡಿದೆ. ಗಾಳಿ ಎದುರಿನಿಂದ ಚೆನ್ನಾಗಿಯೇ ಹತ್ತಿ ಬರುತ್ತಿತ್ತು. "ಓಡಮ್ಮ, ಓಡು, ನಿಲ್ಲಬೇಡ" ಅಂದೆ. ನಾಲ್ಕು ಹೆಜ್ಜೆಗೆ ಕಾಲು ನೆಲ ಬಿಟ್ಟವು.

ಒಂದು ಸುತ್ತು ತಿರುಗಿದಾಗ ಬೆಟ್ಟದ ಹಿಂದಿನದು ಕಂಡಿತು. ಧೌಲಾಧಾರ್ ಪರ್ವತಸಾಲು ಇರಬೇಕಾದ ಕಡೆ ಹೂಕೋಸಿನ ಹಾಗೆ ಉಬ್ಬಿ ನಿಂತ ಮೋಡ, ಬುಡವೆಲ್ಲ ಮಸಿ. ಕಿವಿಯ ಹತ್ತಿರ ವೇರಿಯೋ, ಅಂದರೆ ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಅಂತ ಸದ್ದಿನಲ್ಲಿ ಹೇಳುವ ಉಪಕರಣ, ಬಿಡದೆ ಕೂಗುತ್ತಿತ್ತು, ಎಲ್ಲಿ ಹೋದರೂ ಮೇಲಕ್ಕೇ ಎಳೆತ. ರೆಕ್ಕೆಯ ಎರಡೂ ತುದಿ ಮಡಚಿ, ಬೆಟ್ಟ ಬಿಟ್ಟು ಹೊಲಗಳ ಮೇಲೆ ದೂರ ತಳ್ಳಿಕೊಂಡು ಬಂದು ಹೇಗೋ ಎತ್ತರ ಕಳೆದೆ. ನೆಲ ಇನ್ನು ನೂರು ಮೀಟರ್ ಇರುವಾಗ ಕೆಳಗಿನ ಗಾಳಿಚೀಲ ಸತ್ತ ಹಾಗೆ ಜೋತುಬಿತ್ತು, ಆಮೇಲೆ ಪೂರ್ತಿ ಉಲ್ಟಾ ತಿರುಗಿತು. ಉತ್ತರದ ಕಡೆಯಿಂದ ಧೂಳು ಎದ್ದು ಬಂತು. ನಮ್ಮ ಟ್ಯಾಂಡಮ್ ರೆಕ್ಕೆ ಗಂಟೆಗೆ ನಲವತ್ತು ಕಿಲೋಮೀಟರ್ ದಾಟುವುದೇ ಕಷ್ಟ. ಬಂದ ಗಾಳಿ ಅದಕ್ಕಿಂತ ಜೋರಿತ್ತು. ಗಾಳಿಗೆ ಮುಖ ಕೊಟ್ಟೇ ಹಿಂದಕ್ಕೆ ಜರುಗುತ್ತಾ ಗೋಧಿ ಕೊಯ್ದ ಗದ್ದೆಯೊಂದರಲ್ಲಿ ಬಿದ್ದೆವು. ಹುಡುಗಿಯ ಪಾದ ಉಳುಕಿತು.

ಅವಳಪ್ಪ ಗದ್ದೆಯ ಬದು ದಾಟಿ ಓಡಿ ಬಂದರು. ಬೈಯಲಿಲ್ಲ. ಮೊಣಕಾಲೂರಿ ಮಗಳ ಶೂ ಲೇಸ್ ಬಿಚ್ಚುತ್ತಾ ಹೇಳಿದರು: "ಅರ್ಧ ಗಂಟೆಯಿಂದ ಇಲ್ಲಿ ಕಪ್ಪಾಗಿ ಕಾಣ್ತಾನೇ ಇತ್ತಲ್ರೀ. ನಿಮಗೆ ಮೇಲೆ ಕಾಣಲಿಲ್ವಾ?"

ಕಾಣಲಿಲ್ಲ. ಟೇಕಾಫ್ ದಕ್ಷಿಣಕ್ಕೆ ಮುಖ ಮಾಡಿದೆ, ಬೆನ್ನಿಗೆ ಬೆಟ್ಟ. ಬಿಸಿಲಿಗೆ ಕಾದ ಇಳಿಜಾರಿನಲ್ಲಿ ಗಾಳಿ ಮೇಲೇರುತ್ತಲೇ ಇರುತ್ತದೆ, ಹಿಂದೆ ಬೆಳೆಯುವ ಮೋಡವೂ ಅದನ್ನು ಎಳೆದುಕೊಳ್ಳುತ್ತದೆ. ಅಲ್ಲಿನ ಗಾಳಿಚೀಲ ಆ ಒಂದು ಇಳಿಜಾರಿನ ಸುದ್ದಿ ಮಾತ್ರ ಹೇಳುತ್ತದೆ. ಮಳೆಮೋಡ ಕುಸಿದಾಗ ತಣ್ಣನೆಯ ಗಾಳಿ ಕಣಿವೆಗೆ ನುಗ್ಗಿ ಕಿಲೋಮೀಟರ್‌ಗಟ್ಟಲೆ ಹರಡುತ್ತದೆ. ಅದರ ಸುಳಿವು ಬೀರ್‌ನ ಮೈದಾನದಲ್ಲಿ ನಿಂತು ಉತ್ತರಕ್ಕೆ ಕತ್ತೆತ್ತಿದವರಿಗೆ ಮೊದಲು ಸಿಗುತ್ತದೆ. ಚಹಾ ಅಂಗಡಿಯವರಿಗೂ ಕಾಣುವುದು ನನಗೆ ಕಾಣದೇ ಹೋಯಿತು ಅನ್ನುವುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆ ದಿನದಿಂದ ನಾನು ತೀರ್ಮಾನವನ್ನು ಕೆಳಗೇ, ಜೀಪು ಹತ್ತುವ ಮೊದಲೇ ಮಾಡುತ್ತೇನೆ. ಮೇಲೆ ಹೋದ ಮೇಲೆ, ಹಾರ್ನೆಸ್ ಕಟ್ಟುವ ಮುನ್ನ, ಲ್ಯಾಂಡಿಂಗ್‌ನಲ್ಲಿರುವ ಹುಡುಗನಿಗೆ ವಾಕಿಟಾಕಿಯಲ್ಲಿ ಎರಡೇ ಪ್ರಶ್ನೆ: ಬೆಟ್ಟದ ಹಿಂದೆ ಮೋಡ ಎಷ್ಟು ಎತ್ತರ, ಬುಡದ ಬಣ್ಣ ಏನು? ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಬುಕಿಂಗ್ ತೆಗೆದುಕೊಳ್ಳುವುದೇ ಇಲ್ಲ. ಮಳೆಗಾಲದಲ್ಲಿ, ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ, ಹೇಗೂ ಹಾರಾಟ ಬಂದ್. ಅದಾದ ಮೇಲಿನ ಅಕ್ಟೋಬರ್, ನವೆಂಬರ್ ನಮಗೆ ಬಂಗಾರ. 2015ರ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ಇಲ್ಲಿ ನಡೆದದ್ದೂ ಅಕ್ಟೋಬರ್‌ನಲ್ಲೇ.

ಬರುವವರು ದಯವಿಟ್ಟು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಬನ್ನಿ. ಮೊನ್ನೆ ಮೈಸೂರಿನ ದಂಪತಿಗೆ ಜೀಪ್ ಸ್ಟ್ಯಾಂಡ್‌ನಲ್ಲೇ ಬೇಡ ಅಂದೆ. ಯಜಮಾನರ ಮುಖ ಸಣ್ಣಗಾಯಿತು. "ನಾಳೆ ಗ್ಯಾರಂಟಿನಾ?" ಅಂದರು.

"ನಾಳೆ ಒಂಬತ್ತಕ್ಕೆ ಮೈದಾನಕ್ಕೆ ಬನ್ನಿ ಸರ್. ಒಟ್ಟಿಗೆ ನಿಂತು ನೋಡೋಣ."