ಲಿನಕ್ಸ್ ಪೆಟ್ಟಿಗೆಗೆ ಐಪಿವಿ6 ಕೂಡಿಸಿದ ದಿನ

ಮಾಡಬೇಕಿದ್ದ ಕೆಲಸ ಸಣ್ಣದು. ಎರಡು ಈಥರ್ನೆಟ್ ಪೋರ್ಟ್ ಇರುವ ಪುಟ್ಟ ಪೆಟ್ಟಿಗೆ, ಅದರಲ್ಲಿ ಡೆಬಿಯನ್ ಎಂಬ ಲಿನಕ್ಸ್. ಒಂದು ಪೋರ್ಟ್ ಮೋಡೆಮ್ ಕಡೆಗೆ, ಇನ್ನೊಂದು ಒಳಗಿನ ಸ್ವಿಚ್ ಕಡೆಗೆ. ಇಂಟರ್ನೆಟ್ ವಿಳಾಸದ ಹಳೆಯ ಪದ್ಧತಿಯಾದ ಐಪಿವಿ4 ಆಗಲೇ ಸರಿಯಾಗಿ ಓಡುತ್ತಿತ್ತು. ಅದನ್ನು ಮುಟ್ಟದೆ ಪಕ್ಕದಲ್ಲಿ ಹೊಸ ಪದ್ಧತಿ ಐಪಿವಿ6 ನಿಲ್ಲಿಸಬೇಕಿತ್ತು. ಅರ್ಧ ಗಂಟೆಯದ್ದು ಎಂದುಕೊಂಡು ಬೆಳಿಗ್ಗೆ ಹಿಡಿದದ್ದು ಸಂಜೆಯವರೆಗೆ ಎಳೆಯಿತು. ಎಡವಿದಲ್ಲೆಲ್ಲ ಕಾಲಿಗೆ ತೊಡರಿದ್ದು ಐಪಿವಿ4ರ ಹಳೆಯ ಅಭ್ಯಾಸವೇ.

ಐಪಿವಿ6 ಹೊಸದು ಎನ್ನುವುದು ಮಾತಿನಲ್ಲಿ ಮಾತ್ರ. ಅದರ ಮೊದಲ ವಿವರಣೆ 1995ರಲ್ಲೇ ಬಂದಿದೆ, 2017ರಲ್ಲಿ ಪೂರ್ಣ ಇಂಟರ್ನೆಟ್ ಮಾನಕವಾಗಿದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಬಂದದ್ದು 1996ರಲ್ಲಿ. ಹಾಗಾಗಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಕೇಬಲ್ ಚುಚ್ಚಿ 'ಐಪಿ -6 ಅಡ್ರೆಸ್' ಎಂದು ಕೇಳಿದರೆ ಪ್ರತಿ ಪೋರ್ಟಿಗೂ ಎಫ್‌ಇ80 ಎಂದು ಶುರುವಾಗುವ ವಿಳಾಸ ಆಗಲೇ ಕೂತಿರುತ್ತದೆ. ಇದು ಲಿಂಕ್-ಲೋಕಲ್ ವಿಳಾಸ, ಆ ಒಂದು ತಂತಿಯ ಆಚೆ ಹೋಗುವುದಿಲ್ಲ. ಎಲ್ಲ ಪೋರ್ಟುಗಳಲ್ಲೂ ಎಫ್‌ಇ80 ಇರುವುದರಿಂದ ಪಿಂಗ್ ಮಾಡುವಾಗ, ಅಂದರೆ 'ಇದ್ದೀಯಾ' ಎಂದು ಕೇಳಿ ಉತ್ತರಕ್ಕೆ ಕಾಯುವಾಗ, ವಿಳಾಸದ ಕೊನೆಗೆ ಶೇಕಡಾ ಚಿಹ್ನೆ ಹಾಕಿ ಪೋರ್ಟಿನ ಹೆಸರನ್ನೂ ಹೇಳಬೇಕು. ಎಫ್‌ಎಫ್02::1 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ (ಹಲವರಿಗೆ ಒಟ್ಟಿಗೆ ಕೇಳುವ ವಿಳಾಸ) ಹೀಗೆ ಪಿಂಗ್ ಮಾಡಿದರೆ ತಂತಿಯ ಆ ತುದಿಯಲ್ಲಿರುವವರು ಉತ್ತರಿಸುತ್ತಾರೆ. ಮೋಡೆಮ್ ಉತ್ತರಿಸಿತು. ಇಲ್ಲಿಯವರೆಗೆ ಐದು ನಿಮಿಷ.

ಸಂರಚನಾ ಕಡತ ಬರೆಯುವ ಮೊದಲು ಕರ್ನಲ್ ತಾನಾಗಿ ಏನು ಮಾಡುತ್ತದೆ ಎಂದು ನೋಡುವುದು ಒಳ್ಳೆಯದು. ಮೋಡೆಮ್ ಆಗಾಗ ರೂಟರ್ ಅಡ್ವರ್ಟೈಸ್‌ಮೆಂಟ್ ಕಳಿಸುತ್ತದೆ. ಇದು ಒಂದು ಬಗೆಯ ಡಂಗುರ: 'ನಾನು ರೂಟರ್, ಈ ತಂತಿಯ ಪ್ರಿಫಿಕ್ಸ್ ಇದು, ಇಷ್ಟು ಹೊತ್ತು ನನ್ನನ್ನು ನಂಬಬಹುದು.' ಬಳಕೆಯಲ್ಲಿ ಆರ್‌ಎ ಎನ್ನುತ್ತಾರೆ. ಆರ್‌ಎ ಕೇಳಿದ ಕರ್ನಲ್ ಆ /64 ಪ್ರಿಫಿಕ್ಸ್‌ಗೆ (128 ಬಿಟ್ ವಿಳಾಸದ ಮೊದಲ 64 ಬಿಟ್) ತನ್ನ ಅರ್ಧವನ್ನು ಜೋಡಿಸಿ ಪೂರ್ಣ ವಿಳಾಸ ಮಾಡಿಕೊಳ್ಳುತ್ತದೆ, ಡೀಫಾಲ್ಟ್ ದಾರಿಯನ್ನೂ ಬರೆದುಕೊಳ್ಳುತ್ತದೆ. ವಿಳಾಸ ಹಂಚುವ ಡಿಎಚ್‌ಸಿಪಿ ಬೇಕೇ ಆಗಲಿಲ್ಲ. ಹೊರಗಿನ ಸರ್ವರ್‌ಗೆ ಪಿಂಗ್ ಹೋಯಿತು, ಬಂತು.

ಮುಂದೆ ರೂಟರ್ ಆಗಬೇಕಲ್ಲ, ಒಂದು ಪೋರ್ಟಿನಿಂದ ಇನ್ನೊಂದಕ್ಕೆ ಪ್ಯಾಕೆಟ್ ದಾಟಿಸುವ ಫಾರ್ವರ್ಡಿಂಗ್ 1 ಮಾಡಲಾಯಿತು. ಆ ಕ್ಷಣಕ್ಕೇ ಪಿಂಗ್ ನಿಂತಿತು. ವಿಳಾಸ ಇದ್ದಲ್ಲೇ ಇದೆ, ಪೋರ್ಟಿನ ದೀಪ ಮಿನುಗುತ್ತಿದೆ, 'ಐಪಿ -6 ರೂಟ್' ನೋಡಿದರೆ ಡೀಫಾಲ್ಟ್ ಸಾಲು ಮಾತ್ರ ಮಾಯ. ಇದು ದೋಷವಲ್ಲ, ನಿಯಮ. ರೂಟರ್ ಆದವನು ಇನ್ನೊಬ್ಬ ರೂಟರಿನ ಡಂಗುರ ಕೇಳಿ ವಿಳಾಸ ಕಟ್ಟಿಕೊಳ್ಳಬಾರದು ಎಂಬ ತರ್ಕದಿಂದ, ಫಾರ್ವರ್ಡಿಂಗ್ ಹಾಕಿದ ಕೂಡಲೇ ಲಿನಕ್ಸ್ ಆರ್‌ಎಯಿಂದ ಕಲಿತ ದಾರಿಗಳನ್ನು ಅಳಿಸಿ, ಮುಂದಿನ ಆರ್‌ಎಗಳಿಗೆ ಕಿವಿ ಮುಚ್ಚಿಕೊಳ್ಳುತ್ತದೆ. ಆದರೆ ನಮ್ಮ ಪೆಟ್ಟಿಗೆ ಒಳಗಿನವರಿಗೆ ರೂಟರ್, ಮೋಡೆಮ್‌ಗೆ ಗಿರಾಕಿ. ಅಂಥ ಎರಡು ಮುಖದ ಯಂತ್ರಕ್ಕಾಗಿಯೇ 'ಆಕ್ಸೆಪ್ಟ್ ಆರ್‌ಎ' ಎಂಬ ಸಿಸ್‌ಸಿಟಿಎಲ್ (ಕರ್ನಲ್ ಸೆಟ್ಟಿಂಗ್) ಗುಂಡಿಗೆ ಮೂರು ಬೆಲೆಗಳಿವೆ: 0 ಅಂದರೆ ಕೇಳಬೇಡ, 1 ಅಂದರೆ ಫಾರ್ವರ್ಡಿಂಗ್ ಇಲ್ಲದಿದ್ದರೆ ಕೇಳು, 2 ಅಂದರೆ ಏನೇ ಇರಲಿ ಕೇಳು. ಹೊರಗಿನ ಪೋರ್ಟಿಗೆ ಮಾತ್ರ 2 ಹಾಕಬೇಕು. ಒಳಗಿನದಕ್ಕೂ ಹಾಕಿದರೆ ಸ್ವಿಚ್ಚಿಗೆ ಯಾರೋ ತಂದು ಚುಚ್ಚಿದ ಹಳೆಯ ರೂಟರಿನ ಮಾತನ್ನೂ ನಂಬಿಬಿಡುತ್ತದೆ.

ಕೈಯಿಂದ ಆಡಿದ್ದು ಸಾಕೆಂದು ಕೆಲಸವನ್ನು ಜಾಲ ನೋಡಿಕೊಳ್ಳುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿಗೆ ಒಪ್ಪಿಸಿದ ಮೇಲೆ 'ಆಕ್ಸೆಪ್ಟ್ ಆರ್‌ಎ' ನೋಡಿದರೆ 0 ಎಂದು ತೋರಿಸಿತು. ಗಾಬರಿ ಬೇಡ. ನೆಟ್‌ವರ್ಕ್‌ಡಿ ಆರ್‌ಎಯನ್ನು ತಾನೇ ಓದುತ್ತದೆ, ಕರ್ನಲ್ ಅಡ್ಡ ಬರದಿರಲೆಂದು 0 ಮಾಡಿಡುತ್ತದೆ. ನೆಟ್‌ವರ್ಕ್‌ಮ್ಯಾನೇಜರ್ ಮಾಡುವುದೂ ಅದನ್ನೇ. ಆದರೆ ಅದೇ ನಿಯಮ ಇಲ್ಲೂ ಇದೆ: ಫಾರ್ವರ್ಡಿಂಗ್ ಇರುವ ಪೋರ್ಟಿನಲ್ಲಿ ನೆಟ್‌ವರ್ಕ್‌ಡಿ ತಾನಾಗಿ ಆರ್‌ಎ ಕೇಳುವುದಿಲ್ಲ, 'ಐಪಿವಿ6ಆಕ್ಸೆಪ್ಟ್ಆರ್‌ಎ' ಸಾಲಿಗೆ 'ಯೆಸ್' ಎಂದು ಬಾಯಿ ಬಿಟ್ಟು ಹೇಳಬೇಕು.

ಇನ್ನು ಒಳಗಿನವರಿಗೆ ವಿಳಾಸ. ಐಪಿವಿ4ರಲ್ಲಾದರೆ ಒಂದೇ ವಿಳಾಸದ ಹಿಂದೆ ಎಲ್ಲರನ್ನೂ ನ್ಯಾಟ್‌ನಲ್ಲಿ ಅಡಗಿಸುತ್ತಿದ್ದೆವು. ಇಲ್ಲಿ ಮೇಲಿನವರನ್ನು ಒಂದು ತುಂಡು ಜಾಗ ಕೇಳುತ್ತೇವೆ. ಇದಕ್ಕೆ ಪ್ರಿಫಿಕ್ಸ್ ಡೆಲಿಗೇಷನ್ ಎಂದು ಹೆಸರು, ಕೇಳುವುದು ಡಿಎಚ್‌ಸಿಪಿವಿ6 ಮೂಲಕ. ಮೋಡೆಮ್ ತನಗೆ ಬಂದ /56ರಿಂದ ಕೆಳಗಿನವರಿಗೆ /60 ಕೊಡಬಲ್ಲದಾಗಿತ್ತು. /60 ಎಂದರೆ ಹದಿನಾರು /64 ತುಂಡುಗಳು. ಉದಾಹರಣೆಗೆ 2001:ಡಿಬಿ8:12:30::/60 ಸಿಕ್ಕರೆ ನಾಲ್ಕನೆಯ ಗುಂಪು 30ರಿಂದ 3ಎಫ್‌ವರೆಗೆ ನಮ್ಮದು. ಒಂದು /64ರಲ್ಲಿ ಇಷ್ಟೊಂದು ವಿಳಾಸ ಏಕೆಂದು /120 ಮಾಡಿ ಉಳಿಸಲು ಹೋಗಬೇಡಿ. ತಾನಾಗಿ ವಿಳಾಸ ಕಟ್ಟಿಕೊಳ್ಳುವ ವಿಧಾನ /64ರಲ್ಲಷ್ಟೇ ನಡೆಯುತ್ತದೆ. ಎಣಿಸಬೇಕಾದದ್ದು ತುಂಡುಗಳನ್ನು.

ಬೇಡಿಕೆ ಹೋಯಿತು, ಉತ್ತರ ಇಲ್ಲ. ಮತ್ತೆ ಮತ್ತೆ ಹೋಯಿತು, ಇಲ್ಲ. ಪ್ಯಾಕೆಟ್‌ಗಳನ್ನು ಇಣುಕಿ ನೋಡುವ ಟಿಸಿಪಿಡಂಪ್ ಹಚ್ಚಿ ನೋಡಿದರೆ ಉತ್ತರ ಬಾಗಿಲವರೆಗೆ ಬಂದಿದೆ, ಒಳಗೆ ಬಿಟ್ಟಿಲ್ಲ! ತಡೆದದ್ದು ನಮ್ಮದೇ ಎನ್‌ಎಫ್‌ಟೇಬಲ್ಸ್ ಫೈರ್‌ವಾಲ್. 'ನಾವು ಶುರುಮಾಡಿದ ಮಾತುಕತೆಯ ಉತ್ತರ ಒಳಗೆ ಬರಲಿ' ಎಂಬ ಸಾಲು ಅದರಲ್ಲಿತ್ತು, ಐಪಿವಿ4ರಲ್ಲಿ ಅಷ್ಟು ಸಾಕು. ಡಿಎಚ್‌ಸಿಪಿವಿ6 ಬೇಡಿಕೆ ಹೋಗುವುದು ಎಫ್‌ಎಫ್02::1:2 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ, ಉತ್ತರ ಬರುವುದು ಮೋಡೆಮ್‌ನ ಸ್ವಂತ ಎಫ್‌ಇ80 ವಿಳಾಸದಿಂದ. ಕೇಳಿದ್ದು ಒಬ್ಬರನ್ನು, ಹೇಳಿದವರು ಬೇರೊಬ್ಬರು ಎಂದು ಕಾಣುವುದರಿಂದ ಮಾತುಕತೆಗಳ ಲೆಕ್ಕವಿಡುವ ಕರ್ನಲ್‌ನ ಸಂಪರ್ಕ ಪಟ್ಟಿಗೆ ಇವೆರಡರ ನಂಟು ಗೊತ್ತಾಗುವುದಿಲ್ಲ. ಹಾಗಾಗಿ ಪ್ರತ್ಯೇಕ ಸಾಲು ಬೇಕು: ಹೊರಗಿನ ಪೋರ್ಟಿನಲ್ಲಿ, ಎಫ್‌ಇ80::/10 ಮೂಲದಿಂದ, ಯುಡಿಪಿ 546ಕ್ಕೆ ಬಂದದ್ದನ್ನು ಬಿಡು. ಸಾಲು ಸೇರಿಸಿದ ಕೂಡಲೇ /60 ಬಂತು. ಇಷ್ಟು ಮಾಡಿಯೂ ಬೇಡಿಕೆಯೇ ಹೊರಡದಿದ್ದರೆ ಇನ್ನೊಂದು ಕಾರಣ ಇರುತ್ತದೆ. ಆರ್‌ಎಯಲ್ಲಿ ಎಂ ಅಥವಾ ಓ ಬಾವುಟ ('ಡಿಎಚ್‌ಸಿಪಿವಿ6 ಕೇಳು' ಎಂಬ ಗುರುತು) ಇಲ್ಲದಿದ್ದರೆ ನೆಟ್‌ವರ್ಕ್‌ಡಿ ಡಿಎಚ್‌ಸಿಪಿವಿ6 ಶುರುಮಾಡುವುದೇ ಇಲ್ಲ. ಆಗ 'ಡಿಎಚ್‌ಸಿಪಿವಿ6ಕ್ಲೈಂಟ್' ಸಾಲಿಗೆ 'ಆಲ್ವೇಸ್' ಎಂದು ಬರೆಯಬೇಕು.

ಒಳಗಿನ ಪೋರ್ಟಿನ ಕೆಲಸ ಎರಡೇ ಸಾಲು: 'ಡಿಎಚ್‌ಸಿಪಿಪ್ರಿಫಿಕ್ಸ್‌ಡೆಲಿಗೇಷನ್' ಯೆಸ್, 'ಐಪಿವಿ6ಸೆಂಡ್ಆರ್‌ಎ' ಯೆಸ್. ಫೋನು, ಲ್ಯಾಪ್‌ಟಾಪುಗಳು ಸೆಕೆಂಡುಗಳಲ್ಲಿ ವಿಳಾಸ ಪಡೆದವು. ಒಂದೊಂದಕ್ಕೆ ಎರಡು, ಮೂರು ವಿಳಾಸ ಕಂಡರೆ ಹೌಹಾರಬೇಡಿ. ಒಂದು ಸ್ಥಿರವಾದದ್ದು, ಇನ್ನೊಂದು ಗುರುತು ಸಿಗದಿರಲೆಂದು ಬದಲಾಗುತ್ತಿರುವ ತಾತ್ಕಾಲಿಕ ವಿಳಾಸ. ಲಿನಕ್ಸ್‌ನಲ್ಲಿ ತಾತ್ಕಾಲಿಕ ವಿಳಾಸವನ್ನು ಮುಂದೆ ಮಾಡುವುದು ಸಾಮಾನ್ಯವಾಗಿ 1 ದಿನ, ಉಳಿಸಿಕೊಳ್ಳುವುದು 2 ದಿನ.

ನ್ಯಾಟ್ ಇಲ್ಲ ಎಂದರೆ ಒಳಗಿನ ಪ್ರತಿ ಯಂತ್ರವೂ ಹೊರಗಿನಿಂದ ಮುಟ್ಟಬಹುದಾದದ್ದು. ಆದ್ದರಿಂದ ಫೈರ್‌ವಾಲ್‌ನ ಫಾರ್ವರ್ಡ್ ಸರಪಣಿ ಮೂಲತಃ ಮುಚ್ಚಿರಬೇಕು, ಒಳಗಿನಿಂದ ಹೊರಟದ್ದರ ಉತ್ತರಕ್ಕೆ ಮಾತ್ರ ತೆರೆಯಬೇಕು. ಇದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದಿರುವುದು ಐಸಿಎಂಪಿ, ಅಂದರೆ ಪಿಂಗ್ ಮತ್ತು ದೋಷದ ಸುದ್ದಿ ಸಾಗಿಸುವ ಪದ್ಧತಿ. 'ಪಿಂಗ್ ತಾನೇ, ಮುಚ್ಚು' ಎಂಬ ಹಳೆಯ ಚಾಳಿಯಲ್ಲಿ ಐಸಿಎಂಪಿವಿ6 ಪೂರ್ತಿ ಮುಚ್ಚಲಾಗಿತ್ತು. ಐಪಿವಿ4ರಲ್ಲಿ ನೆರೆಯವರನ್ನು ಹುಡುಕುವ ಎಆರ್‌ಪಿ ಐಪಿವಿ6ರಲ್ಲಿ ಇಲ್ಲ. ಪಕ್ಕದ ಯಂತ್ರದ ಮ್ಯಾಕ್ ವಿಳಾಸ (ಪೋರ್ಟಿನ ಸ್ವಂತ ಗುರುತು) ಕೇಳುವುದು ಐಸಿಎಂಪಿವಿ6ರ 135ನೇ ಬಗೆ, ಹೇಳುವುದು 136ನೇ ಬಗೆ. ರೂಟರ್ ಯಾರೆಂದು ಕೇಳುವುದು 133, ಸಾರುವುದು 134. ಇವನ್ನು ಮುಚ್ಚಿದರೆ ಆಗುವ ತಮಾಷೆ ಏನೆಂದರೆ, ಎಲ್ಲ ಕೂಡಲೇ ಕೆಡುವುದಿಲ್ಲ. ನಾವು ಮಾತಾಡಿಸಿದಾಗ ಮೋಡೆಮ್ ನಮ್ಮ ಗುರುತನ್ನು ಬರೆದಿಟ್ಟುಕೊಳ್ಳುತ್ತದೆ, ಒಂದಷ್ಟು ಸೆಕೆಂಡು ಸಂಚಾರ ನಡೆಯುತ್ತದೆ. ಆಮೇಲೆ 'ಇದ್ದೀಯಾ?' ಎಂದು ಅದು ಮರಳಿ ಕೇಳುತ್ತದೆ, ನಮ್ಮ ಫೈರ್‌ವಾಲ್ ಆ ಪ್ರಶ್ನೆಯನ್ನೇ ನುಂಗುತ್ತದೆ. ಸಂಪರ್ಕ ಬರುತ್ತದೆ ಹೋಗುತ್ತದೆ ಎಂದಾಗ ಕೇಬಲ್ ಬದಲಿಸುವ ಮುನ್ನ 'ಐಪಿ -6 ನೇಬರ್' ನೋಡಿ. ಅಲ್ಲಿ 'ಫೇಲ್ಡ್' ಅಥವಾ 'ಇನ್‌ಕಂಪ್ಲೀಟ್' ಎಂದಿದ್ದರೆ ಬೇನೆ ಇಲ್ಲೇ. ಈ ನೆರೆಹೊರೆಯ ಪ್ರಶ್ನೋತ್ತರವನ್ನು ಕರ್ನಲ್ ಸಂಪರ್ಕ ಪಟ್ಟಿಯಲ್ಲಿ ಇಡುವುದೇ ಇಲ್ಲ, ಆದ್ದರಿಂದ 'ಉತ್ತರ ಬರಲಿ' ಸಾಲಿಗೂ ಇದು ಸಿಗದು. ಹೆಸರು ಹಿಡಿದು ಬಿಡಬೇಕು. ಹೊರಗಿನವರು ಇದನ್ನು ನಕಲು ಮಾಡಬಹುದೆಂಬ ಭಯ ಬೇಡ. ಇಂಥ ಪ್ಯಾಕೆಟ್‌ನ ಹಾಪ್ ಲಿಮಿಟ್ 255 ಇರಲೇಬೇಕು. ಒಂದೇ ಒಂದು ರೂಟರ್ ದಾಟಿ ಬಂದರೂ 254 ಆಗಿ ಬಿದ್ದುಹೋಗುತ್ತದೆ.

ಮಧ್ಯಾಹ್ನದ ಮೇಲಿನ ಪೂರ್ತಿ ಹೊತ್ತನ್ನು ನುಂಗಿದ್ದು ಎಂಟು ಬೈಟ್. ಪಿಂಗ್ ಹೋಗುತ್ತದೆ, ಕೆಲವು ತಾಣ ತೆರೆಯುತ್ತವೆ, ಕೆಲವು ಅರ್ಧಕ್ಕೆ ನಿಲ್ಲುತ್ತವೆ. ಎಸ್‌ಎಸ್‌ಎಚ್ ಸಂಪರ್ಕ ಆಗುತ್ತದೆ, ಕೀ ಬದಲಾಯಿಸಿಕೊಳ್ಳುವಾಗ ಕಲ್ಲಾಗುತ್ತದೆ. ಸಣ್ಣ ಪ್ಯಾಕೆಟ್ ದಾಟಿ ದೊಡ್ಡದು ದಾಟದ ಲಕ್ಷಣ ಇದು. ಮೋಡೆಮ್‌ನ ಆಚೆ ಇರುವುದು ಪಿಪಿಪಿಒಇ ಬಗೆಯ ಸಂಪರ್ಕ. ಅದರ ಎಂಟಿಯು, ಅಂದರೆ ದಾಟಬಲ್ಲ ಅತಿ ದೊಡ್ಡ ಪ್ಯಾಕೆಟ್, 1492 ಬೈಟ್, ಈಥರ್ನೆಟ್‌ನ 1500ಕ್ಕಿಂತ ಎಂಟು ಕಡಿಮೆ. ಐಪಿವಿ6ರಲ್ಲಿ ದಾರಿಯ ರೂಟರುಗಳು ಪ್ಯಾಕೆಟ್ ತುಂಡರಿಸುವುದಿಲ್ಲ. ದೊಡ್ಡದಾದರೆ ಬಿಸಾಡಿ, ಐಸಿಎಂಪಿವಿ6ರ 2ನೇ ಬಗೆಯಲ್ಲಿ 'ದೊಡ್ಡದಾಯಿತು' ಎಂದು ಕಳಿಸಿದವರಿಗೆ ತಿಳಿಸುತ್ತವೆ. ದೂರದ ಸರ್ವರಿನ ಮುಂದೆ ಕೂತ ಯಾವನೋ ಪುಣ್ಯಾತ್ಮ ಅಲ್ಲೂ ಐಸಿಎಂಪಿ ಮುಚ್ಚಿದ್ದರೆ ಆ ಸುದ್ದಿ ತಲುಪದು, ಸರ್ವರ್ ಅದೇ 1500ರ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ.

ಅಳೆಯುವುದು ಸುಲಭ. ತುಂಡರಿಸಬೇಡ ಎಂದು ಹೇಳಿ ಪಿಂಗ್ ಮಾಡಬೇಕು, ಅಂದರೆ '-ಎಂ ಡೂ', ಜೊತೆಗೆ '-ಎಸ್' ಅಳತೆ. ಅಳತೆಗೆ ಐಪಿವಿ6 ಹೆಡರ್ 40, ಐಸಿಎಂಪಿ ಹೆಡರ್ 8 ಸೇರುತ್ತದೆ. ಹಾಗಾಗಿ 1452 ಹಾಕಿದರೆ ಒಟ್ಟು 1500, 1444 ಹಾಕಿದರೆ 1492. ಎರಡನೆಯದು ಹೋಗಿ ಮೊದಲನೆಯದು ಹೋಗದಿದ್ದರೆ ರೋಗ ಗೊತ್ತಾಯಿತು. ಮದ್ದು ಎಂಎಸ್‌ಎಸ್ (ಒಂದು ಟಿಸಿಪಿ ತುಂಡಿನ ಗರಿಷ್ಠ ಅಳತೆ) ಕುಗ್ಗಿಸುವುದು: ಸಂಪರ್ಕ ಶುರುಮಾಡಲು ಹೊರಡುವ ಸಿನ್ ಪ್ಯಾಕೆಟ್‌ನಲ್ಲೇ 'ಇದಕ್ಕಿಂತ ದೊಡ್ಡ ತುತ್ತು ಕೊಡಬೇಡ' ಎಂದು ತಿದ್ದಿ ಬರೆಯುವುದು. ಇಲ್ಲಿ ಎಡವುವ ಜಾಗ ಒಂದಿದೆ. ಎಲ್ಲರೂ ನಕಲಿಸುವ ಎನ್‌ಎಫ್‌ಟೇಬಲ್ಸ್ ಸಾಲು ದಾರಿಯ ಎಂಟಿಯು ನೋಡಿ ತಾನೇ ಲೆಕ್ಕ ಹಾಕು ಎನ್ನುತ್ತದೆ. ನಮ್ಮ ಪೆಟ್ಟಿಗೆಯ ಹೊರಗಿನ ಪೋರ್ಟ್ ಬರೀ ಈಥರ್ನೆಟ್, ಅದರ ಎಂಟಿಯು 1500. ಹಾಗಾಗಿ ಸಾಲು ಇದ್ದೂ 1440 ಎಂದೇ ಬರೆಯುತ್ತಿತ್ತು, ಏನೂ ಬದಲಾಗಲಿಲ್ಲ. 1492ರಿಂದ 40 ಮತ್ತು ಟಿಸಿಪಿಯ 20 ಕಳೆದು 1432 ಎಂದು ಅಂಕಿಯನ್ನೇ ಬರೆದ ಮೇಲೆ ಸರಿಹೋಯಿತು. ಆರ್‌ಎ ಸಾರಲು ರಾಡ್‌ವಿಡಿ ಬಳಸುವವರು 'ಎಡಿವಿಲಿಂಕ್‌ಎಂಟಿಯು 1492' ಎಂದು ಒಳಗಿನವರಿಗೂ ಸಾರಿಬಿಡುವುದು ಇನ್ನೂ ಚೊಕ್ಕ, ಟಿಸಿಪಿ ಅಲ್ಲದ ಸಂಚಾರಕ್ಕೂ ಅದು ನೆರವಾಗುತ್ತದೆ.

ಪರೀಕ್ಷೆಗೆ ಬ್ರೌಸರ್ ನಂಬಬೇಡಿ. ಐಪಿವಿ6 ತಡವರಿಸಿದರೆ ಕಾಲು ಸೆಕೆಂಡಿನಷ್ಟು ಕಾದು ಐಪಿವಿ4ಕ್ಕೆ ಜಾರಿಕೊಳ್ಳುವಂತೆ ಅವನ್ನು ಕಟ್ಟಿದ್ದಾರೆ. ನೋಡುವವರಿಗೆ ಎಲ್ಲ ಚೆಂದ, ಒಳಗೆ ಎಲ್ಲ ಮುರಿದಿರುತ್ತದೆ. 'ಕರ್ಲ್ -6' ಹಾಕಿ ದೊಡ್ಡ ಕಡತ ಇಳಿಸಿ ನೋಡುವುದೇ ಸರಿ.

ಇನ್ನು ರೀಬೂಟ್. ಒಂದು ನಿರ್ದಿಷ್ಟ ವಿಳಾಸದ ಮೇಲೆ ಕಿವಿಯಿಡಲು ಹೇಳಿದ್ದ ಸೇವೆ ಏಳಲಿಲ್ಲ, 'ಆ ವಿಳಾಸ ಕೊಡಲಾಗದು' ಎಂದು ಲಾಗ್‌ನಲ್ಲಿ ಬರೆದು ಮಲಗಿತ್ತು. ಹೊಸ ವಿಳಾಸ ಹಾಕಿದ ಮೇಲೆ ಇನ್ನಾರ ಬಳಿಯಾದರೂ ಇದೇ ಇದೆಯೇ ಎಂದು ಕರ್ನಲ್ ಸುಮಾರು ಒಂದು ಸೆಕೆಂಡು ವಿಚಾರಿಸುತ್ತದೆ. ಅಲ್ಲಿಯವರೆಗೆ ವಿಳಾಸದ ಪಕ್ಕ 'ಟೆಂಟೇಟಿವ್' ಎಂದಿರುತ್ತದೆ, ಯಾರೂ ಅದನ್ನು ಹಿಡಿಯುವಂತಿಲ್ಲ. ಸೇವೆಯನ್ನು ಎರಡು ಕೋಲನ್‌ಗಳ ಬಯಲು ವಿಳಾಸಕ್ಕೆ ಕಟ್ಟುವುದು, ಇಲ್ಲವೇ 'ನೆಟ್‌ವರ್ಕ್-ಆನ್‌ಲೈನ್' ಗುರಿಯ ನಂತರ ಏಳಿಸುವುದು ಪರಿಹಾರ.

ಮೋಡೆಮ್ ರೀಬೂಟ್ ಮಾಡಿದಾಗ ಬೇರೆ ತೊಂದರೆ. ಹೊಸ ಪ್ರಿಫಿಕ್ಸ್ ಬಂತು, ಒಳಗಿನ ಲ್ಯಾಪ್‌ಟಾಪ್ ಹಳೆಯದನ್ನೂ ಹಿಡಿದುಕೊಂಡೇ ಇತ್ತು. ಹಳೆಯದನ್ನು ಬಿಡು ಎಂದು ಆರ್‌ಎಯಲ್ಲಿ ಸಾರಿದರೂ ಅದು ಕೂಡಲೇ ಹೋಗದು. ಸುಳ್ಳು ಡಂಗುರಕ್ಕೆ ಬಲಿಯಾಗದಿರಲೆಂದು, ವಿಳಾಸದ ಉಳಿದ ಆಯಸ್ಸನ್ನು 2 ಗಂಟೆಗಿಂತ ಕೆಳಗೆ ಇಳಿಸಲು ನಿಯಮ ಬಿಡುವುದಿಲ್ಲ. ಆದರೆ 'ಪ್ರಿಫರ್ಡ್' ಆಯಸ್ಸನ್ನು ತಕ್ಷಣ 0 ಮಾಡಬಹುದು. ಆಗ ಹೊಸ ಸಂಪರ್ಕಗಳಿಗೆ ಹಳೆಯ ವಿಳಾಸ ಬಳಕೆಯಾಗದು. ಮೊದಲೇ ಆಯಸ್ಸು ಚಿಕ್ಕದಿಡುವುದು ಇನ್ನೊಂದು ದಾರಿ: 2021ರ ಮಾರ್ಗಸೂಚಿ ಹೇಳುವಂತೆ ಪ್ರಿಫರ್ಡ್ 2700 ಸೆಕೆಂಡು, ಒಟ್ಟು 5400. ಒಳಗಿನ ಪ್ರಿಂಟರು, ಕಡತದ ಸರ್ವರಿಗೆ ಎಫ್‌ಡಿ ಎಂದು ಶುರುವಾಗುವ ಸ್ಥಳೀಯ ಪ್ರಿಫಿಕ್ಸ್ ಕೊಟ್ಟರೆ ಈ ಅಲುಗಾಟ ತಟ್ಟದು. ಒಂದೇ ಕೊರತೆ: ಅದೇ ಹೆಸರಿಗೆ ಐಪಿವಿ4 ವಿಳಾಸವೂ ಇದ್ದರೆ, ವಿಳಾಸ ಆಯ್ಕೆಯ ನಿಯಮದಲ್ಲಿ ಎಫ್‌ಡಿಗಿಂತ ಐಪಿವಿ4ಕ್ಕೇ ಮೊದಲ ಮಣೆ.

ಸಂಜೆ ಎಲ್ಲ ಮುಗಿಸಿ ಡಿಸ್ಕ್ ಪ್ರತಿ ತೆಗೆದು ಇನ್ನೊಂದು ಪೆಟ್ಟಿಗೆಗೆ ಹಾಕಿ ಅದೇ ಮೋಡೆಮ್‌ಗೆ ಚುಚ್ಚಿದಾಗ ಎರಡೂ ಪೆಟ್ಟಿಗೆಗಳು ಒಂದೇ /60ಕ್ಕೆ ಜಗಳಕ್ಕಿಳಿದವು. ಮ್ಯಾಕ್ ವಿಳಾಸ ಬೇರೆ ಬೇರೆಯೇ ಇತ್ತು. ಡಿಎಚ್‌ಸಿಪಿವಿ6 ಗಿರಾಕಿಯನ್ನು ಗುರುತಿಸುವುದು ಡಿಯುಐಡಿ ಎಂಬ ಗುರುತಿನಿಂದ. ನೆಟ್‌ವರ್ಕ್‌ಡಿ ಅದನ್ನು ಕಟ್ಟುವುದು ಇಟಿಸಿ ಅಡಿಯ 'ಮಷೀನ್-ಐಡಿ' ಕಡತದಿಂದ, ಡಿಸ್ಕ್ ಪ್ರತಿಯಲ್ಲಿ ಆ ಕಡತವೂ ಹಾಗೇ ಬಂದಿತ್ತು. ಎರಡನೇ ಪೆಟ್ಟಿಗೆಯಲ್ಲಿ ಅದನ್ನು ಖಾಲಿ ಮಾಡಿ ರೀಬೂಟ್ ಮಾಡಿದ ಮೇಲೆ ಅದಕ್ಕೆ ತನ್ನದೇ /60 ಬಂತು.