ಇಂಡೆಕ್ಸ್ ಕುರಿತ ಲೇಖನ: ಎರಡನೆಯ ಪರಿಶೀಲನೆಯವರೆಗಿನ ಪ್ರಗತಿ

ನಮ್ಮ ಸಂಸ್ಥೆಯ ತಾಂತ್ರಿಕ ಲೇಖನಮಾಲೆಗಾಗಿ ನಾನು ಬರೆಯುತ್ತಿರುವ ಡೇಟಾಬೇಸ್ ಇಂಡೆಕ್ಸ್‌ಗಳ (ಕೋಷ್ಟಕದಲ್ಲಿ ಬೇಕಾದ ಸಾಲುಗಳನ್ನು ಬೇಗ ಹುಡುಕಲು ನೆರವಾಗುವ ಸೂಚಿಗಳ) ಕುರಿತ ಲೇಖನವು ಸಂಪಾದಕರ ಎರಡನೆಯ ಓದು ಮುಗಿದು ಮರಳಿ ನನ್ನ ಕೈ ಸೇರಿದೆ. ರೂಪುರೇಷೆಗೆ ಒಪ್ಪಿಗೆ ದೊರೆತ ಮೇಲೆ ಕರಡು ಬರೆಯುವುದು, ಅದನ್ನು ಮೊದಲು ವಿಷಯ ಬಲ್ಲವರೂ ಅನಂತರ ಸಂಪಾದಕರೂ ಓದುವುದು, ಕೊನೆಯಲ್ಲಿ ಭದ್ರತಾ ವಿಭಾಗ ಮತ್ತು ಕಾನೂನು ವಿಭಾಗದವರು ನೋಡುವುದು ನಮ್ಮಲ್ಲಿನ ಕ್ರಮ.

ರೂಪುರೇಷೆಯಲ್ಲಿ ನಾನು ಇತಿಹಾಸವನ್ನು ಮೊದಲಿಗೆ ಇಟ್ಟಿದ್ದೆ. ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಅವರು ರೂಪಿಸಿ, 1972ರಲ್ಲಿ ಪ್ರಬಂಧವಾಗಿ ಪ್ರಕಟಿಸಿದ ಬಿ-ಟ್ರೀ ಎಂಬ, ಇಂಡೆಕ್ಸ್‌ಗಳಿಗೆ ಆಧಾರವಾದ ಮರದಂಥ ರಚನೆಯಿಂದಲೇ ಮಾತು ಆರಂಭವಾಗಬೇಕೆಂಬುದು ನನ್ನ ಆಸೆಯಾಗಿತ್ತು. ಓದುಗರಿಗೆ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಕೊಟ್ಟರೆ ಅದು ನಿಲ್ಲುವುದಿಲ್ಲವೆಂದು ಸಂಪಾದಕರು ಆ ಭಾಗವನ್ನು ನಡುವಿಗೆ ಸರಿಸಲು ಹೇಳಿದರು. ದತ್ತಾಂಶವನ್ನು ಡಿಸ್ಕಿನಿಂದ ಪುಟ ಪುಟವಾಗಿ ಓದಬೇಕಾಗುತ್ತದೆ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಒಂದು ಪುಟದ ಸಾಮಾನ್ಯ ಗಾತ್ರ 8 ಕಿಲೋಬೈಟ್, ಆದ್ದರಿಂದ ಒಂದೊಂದು ಪುಟದಲ್ಲೂ ನೂರಾರು ಕೀಲಿಗಳನ್ನು (ಹುಡುಕಲು ಬಳಸುವ ಮೌಲ್ಯಗಳನ್ನು) ತುಂಬಿ ಮರದ ಎತ್ತರವನ್ನು, ಅಂದರೆ ಓದಬೇಕಾದ ಪುಟಗಳ ಸಂಖ್ಯೆಯನ್ನು, ತಗ್ಗಿಸಲಾಗುತ್ತದೆ ಎಂದು ವಿವರಿಸಿದ ನಂತರ ಅದೇ ಇತಿಹಾಸ ಬಂದಾಗ, ಅದು ಅಲಂಕಾರವಾಗಿ ಉಳಿಯದೆ ವಿವರಣೆಯ ಭಾಗವೇ ಆಯಿತು.

ಹೆಚ್ಚಿನ ಶ್ರಮ ಹಿಡಿದದ್ದು ವಿಷಯ ಪರಿಶೀಲನೆಯ ಹಂತ. ‘ಇಂಡೆಕ್ಸ್ ಇದ್ದರೆ ಹುಡುಕಾಟ ವೇಗವಾಗುತ್ತದೆ’ ಎಂಬ ಒಂದು ವಾಕ್ಯದ ಬದಿಯಲ್ಲಿ ಪರಿಶೀಲಕರು ಸಾಲುಸಾಲಾಗಿ ಪ್ರಶ್ನೆ ಬರೆದಿದ್ದರು: ಕೋಷ್ಟಕದಲ್ಲಿ ಎಷ್ಟು ಸಾಲುಗಳಿವೆ, ಅವುಗಳಲ್ಲಿ ಎಷ್ಟು ಪಾಲನ್ನು ಡೇಟಾಬೇಸ್‌ಗೆ ಹಾಕಿದ ಪ್ರಶ್ನೆ (ಕ್ವೆರಿ) ಕೇಳುತ್ತದೆ, ಅಳತೆ ತೆಗೆದಾಗ ಪುಟಗಳು ಆಗಲೇ ಮೆಮೊರಿಯಲ್ಲಿದ್ದವೇ? ಬಹುಪಾಲು ಸಾಲುಗಳನ್ನು ಕೇಳುವ ಪ್ರಶ್ನೆಗೆ ಡೇಟಾಬೇಸ್ ಸಾಮಾನ್ಯವಾಗಿ ಇಂಡೆಕ್ಸನ್ನು ಬದಿಗಿಟ್ಟು ಇಡೀ ಕೋಷ್ಟಕವನ್ನೇ ಓದುತ್ತದೆ. ಜೊತೆಗೆ ಪ್ರತಿಯೊಂದು ಹೊಸ ಇಂಡೆಕ್ಸ್ ಕೋಷ್ಟಕಕ್ಕೆ ದತ್ತಾಂಶ ಬರೆಯುವ ಹೊರೆಯನ್ನೂ ಹೆಚ್ಚಿಸುತ್ತದೆ. ಆ ವಾಕ್ಯವನ್ನು ಷರತ್ತುಗಳ ಸಮೇತ ಬಿಡಿಸಿ ಬರೆದಾಗ ಅದು ಒಂದು ಇಡೀ ವಿಭಾಗವಾಗಿ ಬೆಳೆಯಿತು, ಮತ್ತು ಲೇಖನದಲ್ಲಿ ಓದುಗರಿಗೆ ಅತ್ಯಂತ ಉಪಯುಕ್ತವಾದ ವಿಭಾಗ ಅದೇ ಎಂದು ನಾನು ನಂಬಿದ್ದೇನೆ.

ಒಂದು ಕಡೆ ನಾನು ಪಟ್ಟು ಬಿಡಲಿಲ್ಲ. ಅನೇಕ ಕಾಲಂಗಳ ಇಂಡೆಕ್ಸ್‌ನಲ್ಲಿ ಕಾಲಂಗಳ ಕ್ರಮ ಏಕೆ ಮುಖ್ಯ ಎಂಬ ಭಾಗ ಉದ್ದವಾಯಿತೆಂದು ಅದನ್ನು ತೆಗೆಯಲು ಸಂಪಾದಕರು ಸೂಚಿಸಿದ್ದರು. ಊರು ಮೊದಲು, ದಿನಾಂಕ ಅನಂತರ ಇರುವ ಇಂಡೆಕ್ಸ್ ದಿನಾಂಕವನ್ನಷ್ಟೇ ಕೇಳುವ ಪ್ರಶ್ನೆಗೆ ಹೆಚ್ಚು ನೆರವಾಗದು ಎಂಬ ಒಂದೇ ಉದಾಹರಣೆಗೆ ಅದನ್ನು ಇಳಿಸಿದ ಮೇಲೆ ಅವರು ಒಪ್ಪಿದರು. 2025ರಲ್ಲಿ ಬಂದ ಪೋಸ್ಟ್‌ಗ್ರೆಸ್ 18ನೆಯ ಆವೃತ್ತಿಯು ಇಂಥ ಕೆಲವು ಸಂದರ್ಭಗಳಲ್ಲಿ ಮೊದಲ ಕಾಲಂನ ಬೇರೆ ಬೇರೆ ಮೌಲ್ಯಗಳ ನಡುವೆ ಜಿಗಿದು ಹುಡುಕಬಲ್ಲದು ಎಂಬುದನ್ನು ಪರಿಶೀಲಕರು ನೆನಪಿಸಿದ್ದರಿಂದ, ಆ ಮಾತಿನ ಪಕ್ಕದಲ್ಲಿ ಆವೃತ್ತಿಯ ಸಂಖ್ಯೆಯೂ ಸೇರಿಕೊಂಡಿತು.

ಭದ್ರತಾ ವಿಭಾಗದವರ ಕೋರಿಕೆ ಚಿಕ್ಕದು: ಪ್ರಶ್ನೆಯ ಕಾರ್ಯಯೋಜನೆಯ (ಡೇಟಾಬೇಸ್ ಅದಕ್ಕೆ ಉತ್ತರ ಹುಡುಕುವ ಹಂತಗಳ) ಚಿತ್ರಗಳಲ್ಲಿ ನಮ್ಮ ಒಳಗಿನ ಕೋಷ್ಟಕಗಳ ಹೆಸರು ಕಾಣಿಸುತ್ತಿದ್ದುದರಿಂದ ಮಾದರಿ ಕೋಷ್ಟಕಗಳ ಮೇಲೆ ಅವನ್ನು ಹೊಸದಾಗಿ ತೆಗೆಯಬೇಕು. ಕೆಲವು ವಾಣಿಜ್ಯ ಡೇಟಾಬೇಸ್‌ಗಳ ಪರವಾನಗಿಯು ಅನುಮತಿಯಿಲ್ಲದೆ ವೇಗದ ಅಳತೆಗಳನ್ನು ಪ್ರಕಟಿಸುವುದನ್ನು ನಿಷೇಧಿಸುತ್ತದೆಯಾದ್ದರಿಂದ, ಕಾನೂನು ವಿಭಾಗದ ಮಾತಿನಂತೆ ಡೇಟಾಬೇಸ್‌ಗಳ ವೇಗವನ್ನು ಹೋಲಿಸುವ ನಕ್ಷೆಯನ್ನು ಕೈಬಿಟ್ಟಿದ್ದೇನೆ. ಲೇಖನದ ವಾದ ಅದರ ಮೇಲೆ ನಿಂತಿರಲಿಲ್ಲ.

ಈಗ ಉಳಿದಿರುವುದು ಮಾದರಿ ಕೋಷ್ಟಕಗಳ ಮೇಲೆ ಅಳತೆಗಳನ್ನು ಮತ್ತೆ ತೆಗೆಯುವುದು, ಓದುಗರು ತಾವೇ ಓಡಿಸಿ ನೋಡುವಂತೆ ಅದರ ಸ್ಕ್ರಿಪ್ಟನ್ನು ಲೇಖನದೊಡನೆ ಸೇರಿಸುವುದು, ಮತ್ತು ಶೀರ್ಷಿಕೆ. ನನ್ನ ಶೀರ್ಷಿಕೆ ಲೇಖನಕ್ಕಿಂತ ಹೆಚ್ಚಿನ ಭರವಸೆ ಕೊಡುತ್ತದೆಯೆಂಬುದು ಸಂಪಾದಕರ ಅಭಿಪ್ರಾಯ. ಹೊಸ ಅಳತೆಗಳು ಬಂದ ಮೇಲೆ ಅದನ್ನು ನಿರ್ಧರಿಸೋಣವೆಂದು ಇಬ್ಬರೂ ಒಪ್ಪಿದ್ದೇವೆ.